ನಾಲ್ಕನೇ ನೀರು

ಪೊಟ್ಟಣ ಎರಡು. ಪೊಟ್ಟಣಕ್ಕೊಂದು ಲೀಟರು ನೀರು.
ಸಂಜೆ ಆರಕ್ಕೆ ಒಂದು, ಎಂಟಕ್ಕೆ ಇನ್ನೊಂದು,
ಕಾಲು ಗಂಟೆಗೊಂದು ಲೋಟ, ತಪ್ಪಿಸಬೇಡಿ
ಅಂದರು ಮಡಿಕೇರಿಯ ಚೋಂದಮ್ಮ ಸಿಸ್ಟರ್.
ಮೂರು ದಿನ ಬೈಂಬಳೆ ಬೇಡ, ಬೀಜದ ಹಣ್ಣು ಬೇಡ,
ಕೊನೆಯ ದಿನ ಬರೀ ಗಂಜಿತಿಳಿ.

ನಾನು ಸಿದ್ದಾಪುರದಾಚೆಯ ತೋಟವೊಂದರ ರೈಟರು.
ಇಪ್ಪತ್ತಾರು ವರ್ಷ ಬರೆದದ್ದು ಎರಡೇ ಕಾಲಂ:
ಒಳಗೆ ಬಂದದ್ದು, ಹೊರಗೆ ಹೋದದ್ದು.
ಹಣ್ಣು ಇಷ್ಟು, ಬೇಳೆ ಇಷ್ಟು,
ನಡುವೆ ಕಳೆದದ್ದಕ್ಕೆ
ಸಿಪ್ಪೆ, ಲೋಳೆ, ನೀರು ಎಂಬ ಸಮಜಾಯಿಷಿ.
ಅದಕ್ಕೇ ಕೇಳಿದೆ,
ಇಷ್ಟು ಕುಡಿದರೆ ಮೈಗೆಷ್ಟು ಹಿಡಿಯುತ್ತೆ ಸಿಸ್ಟರ್?

ಹಿಡಿಯೋದೇ ಇಲ್ಲ, ಅಂದರು.
ಇದರ ಕಣ ಉದ್ದ, ಕರುಳಿನ ಗೋಡೆ ತೂರೋದಿಲ್ಲ.
ನೀರಿನ ಕೈ ಹಿಡಿದು ಕೂರುತ್ತೆ, ಬಿಡೋದಿಲ್ಲ.
ಉಪ್ಪು ಅಳೆದು ಹಾಕಿರ್ತಾರೆ,
ಮೈಯದು ಇದಕ್ಕೆ ಬೇಡ, ಇದರದು ಮೈಗೆ ಬೇಡ.
ಎಲ್ಲೋ ಚೂರು ನುಸುಳಿದರೆ
ಅದನ್ನೂ ಕಿಡ್ನಿ ಉಚ್ಚೆಯಲ್ಲಿ ವಾಪಸು ಕಳಿಸುತ್ತೆ.

ಮದುವೆಗೆ ಬಂದು
ಎಲೆ ಮುಂದೆ ಕೂತು, ಒಂದಗುಳೂ ಮುಟ್ಟದೆ
ಇಡೀ ಪಂಕ್ತಿಯನ್ನೇ ಎಬ್ಬಿಸಿಕೊಂಡು ಹೋಗುವ ನೆಂಟ.

ರುಚಿ: ನಿಂಬೆಯ ಹೆಸರು ಹೇಳಿಕೊಂಡು ಬಂದ ಉಪ್ಪು.
ಮೂರನೇ ಲೋಟದವರೆಗೂ ಏನಿಲ್ಲ.
ಐದನೆಯದಕ್ಕೆ ಹೊಟ್ಟೆಯಲ್ಲಿ
ಯಾರೋ ತೂಬು ಎತ್ತಿದರು.

ಕಕ್ಕಸಿಗೆ ಇಪ್ಪತ್ತೆರಡು ಹೆಜ್ಜೆ.
ಅದೇ ಹೊತ್ತಿಗೆ ಮೊಬೈಲಿಗೆ ಅರಣ್ಯದವರ ಸಂದೇಶ:
ಕಾಡಾನೆ ಮೂರು, ನಿಮ್ಮ ತೋಟದ ಬದಿ, ಹೊರಗೆ ಬರಬೇಡಿ.
ಯಾರಿಗೆ ಹೇಳೋಣ ಇದನ್ನ?
ದಮಯಂತಿ ಟಾರ್ಚು ಹಿಡಿದು ಮುಂದೆ,
ಎಣ್ಣೆಡಬ್ಬ ಬಡಿಯುತ್ತ.
ನಾನು ಹಿಂದೆ, ಪಂಚೆ ಹಿಡಿದು.
ಹನ್ನೊಂದು ಸಲ.
ಏಳನೇ ಸಲ ಅವಳು ನಕ್ಕಳು,
ನಾನೂ ನಕ್ಕೆ, ನಗಬಾರದಿತ್ತು.

ಬಾಗಿಲಾಚೆ ಡಬ್ಬದ ಸದ್ದು ನಿಂತಾಗ
ಅಣ್ಣ ನೀಲಪ್ಪ ನೆನಪಾದ.
ಎರಡು ವರ್ಷ ನೆತ್ತರು ಕಂಡವನು.
ಮೂಲವ್ಯಾಧಿ ಅಂದ, ಮಜ್ಜಿಗೆ ಕುಡಿದ,
ಅತ್ತಿಗೆಗೂ ಹೇಳಲಿಲ್ಲ.
ನಾಚಿಕೆಯ ಕಣ ಬಹಳ ಸಣ್ಣದಿರಬೇಕು ಸಿಸ್ಟರ್,
ಎಲ್ಲ ಗೋಡೆ ತೂರಿ
ಸಲೀಸಾಗಿ ರಕ್ತಕ್ಕೆ ಸೇರುತ್ತೆ.
ನನಗೆ ಕಂಡದ್ದು ಮೂರೇ ಸಲ.
ಮೂರನೇ ದಿನ ಹೇಳಿಬಿಟ್ಟೆ,
ಅನ್ನ ಬಡಿಸುತ್ತಿದ್ದವಳಿಗೆ, ಸೌಟು ಕೈಯಲ್ಲಿರುವಾಗಲೇ.

ಪಲ್ಪರ್ ಮನೆಯಲ್ಲಿ
ಒಂದು ರಾತ್ರಿ ಹುಳಿ ಬಂದ ಬೇಳೆಗೆ
ಮೊದಲ ನೀರು ಗಂಜಿಯಂಥದ್ದು, ನಾರುವಂಥದ್ದು.
ಎರಡನೆಯದು ಕಂದು.
ಮೂರನೆಯದಕ್ಕೆ ನಾನು ಸಾಕು ಅನ್ನುತ್ತಿದ್ದೆ.
ತೊಳೆಯುವ ಚಾತ ಒಪ್ಪುತ್ತಿರಲಿಲ್ಲ.
ಇನ್ನೊಂದು ನೀರು ಬಿಟ್ಟು
ಮುಷ್ಟಿ ತುಂಬ ಕಾಳು ಎತ್ತಿ, ಹಿಸುಕಿ,
ಕಿವಿಗೆ ಹಿಡಿದು ಕೇಳುತ್ತಿದ್ದ.
ಜರ್ ಅಂದರೆ ಲೋಳೆ ಬಿಟ್ಟಿದೆ ಎಂದರ್ಥ.
ಕೇಳಿ ರೈಟರೇ, ಈಗ ಮಾತಾಡ್ತಿದೆ.

ರಾತ್ರಿ ಎರಡೂವರೆಗೆ ಟಾರ್ಚು ಬಿಟ್ಟು ನೋಡಿದೆ.
ತಿಳಿ ಹಳದಿ, ತಳ ಕಾಣುವಷ್ಟು.
ಕುಡಿದದ್ದು ಎರಡು ಲೀಟರು,
ಹೋದದ್ದು ಅದಕ್ಕಿಂತ ಹೆಚ್ಚೇ.
ಈ ಲೆಕ್ಕ ಮೊದಲ ಸಲ ತಾಳೆಯಾಗಲಿಲ್ಲ,
ಆಗದಿರುವುದೇ ಸರಿಯಂತೆ.

ಬೆಳಗ್ಗೆ ಜೀಪಿಗೆ ನಡೆವಾಗ
ದಾರಿ ಮಧ್ಯೆ ಲದ್ದಿ, ಇನ್ನೂ ಹೊಗೆಯಾಡುತ್ತಿತ್ತು.
ತುಂಬ ಕಾಫಿಬೀಜ, ಇಡಿಯಾಗಿ, ಒಂದೂ ಅರಗದೆ.
ಪಕ್ಕದಲ್ಲಿ ಕಳೆದ ವರ್ಷದ ಲದ್ದಿಯ ಮಣ್ಣು,
ಅದರಲ್ಲಿ ನಾಲ್ಕೆಲೆಯ ಗಿಡಗಳು, ಯಾರೂ ಬರೆದುಕೊಳ್ಳದವು.
ಅಭ್ಯಾಸಬಲ, ಎಣಿಸಿದೆ.
ಹದಿನೇಳು.

ತಿಳಿಯಾಯ್ತಾ? ಕೇಳಿದರು ಚೋಂದಮ್ಮ ಸಿಸ್ಟರ್.
ನಾಲ್ಕನೇ ನೀರು, ಅಂದೆ.
ಅವರಿಗೆ ಅರ್ಥವಾಗಲಿಲ್ಲ.
ಹಿಂದೆ ತೆರೆದ ನೀಲಿ ಅಂಗಿ ಕೊಟ್ಟರು, ಮಲಗಿಸಿದರು,
ನರ ಸಿಗ್ತಿಲ್ಲ, ಮುಷ್ಟಿ ಬಿಗಿ ಹಿಡೀರಿ ಅಂದರು.

ಹಿಡಿದೆ.
ಒಮ್ಮೆ ಕಿವಿಗೆ ಒತ್ತಿ ಕೇಳೋಣ ಅನ್ನಿಸಿತು.